ತಾರಸಿಗೆ ಎಲಾಸ್ಟೊಮೆರಿಕ್ ಕೋಟಿಂಗ್: 1200 ಚದರಡಿಗೆ ಎರಡು ಬಕೆಟ್ ಸಾಕು ಅಂತಿದಾರೆ, ನಂಬಬಹುದಾ?

ಸಾಗರದ_ಮನೆ | ಫೆಬ್ರವರಿ 3

ಎಲ್ರಿಗೂ ನಮಸ್ಕಾರ. ನಮ್ಮೂರು ಸಾಗರದ ಹತ್ರ, ನಾನಿರೋದು ಬೆಂಗಳೂರಲ್ಲಿ, ಊರಿನ ಮನೇಲಿ ಅಮ್ಮ ಒಬ್ರೇ ಇದಾರೆ. ಮನೆ 2004ರಲ್ಲಿ ಅಪ್ಪ ಕಟ್ಟಿಸಿದ್ದು, ಜಂಬಿಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ, ಒಂದೇ ಅಂತಸ್ತು, ತಾರಸಿ 30ಕ್ಕೆ 40 ಅಂದ್ರೆ 1200 ಚದರಡಿ. ಮೊದಲ ಹತ್ತು ಹನ್ನೆರಡು ವರ್ಷ ಒಂದು ತೊಟ್ಟೂ ಸೋರಿರ್ಲಿಲ್ಲ. ಆಮೇಲೆ ಹಾಲ್ ಮೂಲೇಲಿ ಶುರುವಾಗಿ ಈಗ ಮೂರು ಕಡೆ ಆಗಿದೆ, ಹಾಲ್ ಮೂಲೆ, ಅಡುಗೆಮನೆ ಕಿಟಕಿ ಮೇಲೆ, ದೇವರ ಕೋಣೆ. ಹೋದ ಆಷಾಢದಲ್ಲಿ ಅಮ್ಮ ದೇವರ ಫೋಟೋ ಎಲ್ಲ ಇಳಿಸಿ ನಡುಮನೇಲಿ ಮಣೆ ಮೇಲೆ ಇಟ್ಕೊಂಡು ಪೂಜೆ ಮಾಡ್ತಿದ್ರು, ಅದನ್ನ ನೋಡಿ ನಂಗೆ ತುಂಬ ಬೇಜಾರಾಯ್ತು, ಈ ಸಲ ಮಳೆ ಹಿಡಿಯೋದ್ರೊಳಗೆ ಏನಾದ್ರೂ ಮಾಡ್ಲೇಬೇಕು ಅಂತ ಕೂತಿದೀನಿ.

ಪೇಟೆಯಿಂದ ಒಬ್ರು ಕಂಟ್ರಾಕ್ಟರ್ ಬಂದು ನೋಡ್ಕೊಂಡು ಹೋದ್ರು. ತಾರಸಿ ತೊಳೆದು ಎಲಾಸ್ಟೊಮೆರಿಕ್ ಕೋಟಿಂಗ್ ಎರಡು ಕೋಟ್ ಹೊಡೀತೀವಿ, 20 ಲೀಟರಿನ ಎರಡು ಬಕೆಟ್ ಸಾಕು, ಎರಡು ದಿನದ ಕೆಲಸ, ಚದರಡಿಗೆ 32 ರೂಪಾಯಿ, ಹತ್ತು ವರ್ಷ ಗ್ಯಾರಂಟಿ ಅಂದ್ರು. ರಬ್ಬರ್ ತರ ಎಳೆಯತ್ತೆ, ಬಿರುಕು ಬಿಟ್ರೂ ಇದು ಹರಿಯಲ್ಲ ಅಂತ ಒಂದು ಒಣಗಿದ ತುಂಡನ್ನ ಕೈಯಲ್ಲಿ ಎಳೆದು ತೋರಿಸಿದ್ರು, ನಿಜವಾಗ್ಲೂ ಎಳೆಯತ್ತೆ. ಪಡುವಣ ಗೋಡೆಗೂ ಅದೇ ಹೊಡೀತೀವಿ ಅಂದ್ರು, ಆ ಗೋಡೆ ಮಳೆ ಇರಚಲಿಗೆ ಪೂರ್ತಿ ಒದ್ದೆಯಾಗಿ ಒಳಗಡೆ ಬಣ್ಣ ಸಿಪ್ಪೆ ಏಳತ್ತೆ.

ತಾರಸಿ ಪರಿಸ್ಥಿತಿ ಹೇಳ್ತೀನಿ. ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರೋ ಕಡೆ ಉದ್ದಕ್ಕೂ ಒಂದು ಸೀಳಿದೆ, ಕೆಲವು ಕಡೆ ಪೋಸ್ಟ್ ಕಾರ್ಡ್ ತೂರತ್ತೆ. ನಡುವೆ ಸಣ್ಣ ಕೂದಲೆಳೆ ಬಿರುಕು ಬೇಕಾದಷ್ಟಿವೆ. ಮಳೆ ನಿಂತ್ರೂ ಒಂದು ಮೂಲೇಲಿ ಎರಡು ದಿನ ನೀರು ನಿಂತಿರತ್ತೆ. ಎಲ್ಲ ಕಡೆ ಹಾವಸೆ. ಊರಲ್ಲಿ ಎಲ್ರೂ ಶೀಟ್ ಹಾಕ್ಸು ಅಂತಾರೆ, ಅದಕ್ಕೆ ಮೂರು ಲಕ್ಷದ ಹತ್ರ ಲೆಕ್ಕ ಕೊಟ್ಟಿದಾರೆ, ಆದ್ರೆ ನಮಗೆ ಸ್ವಲ್ಪ ತೋಟ ಇದೆ, ಬೇಯಿಸಿದ ಅಡಿಕೆ ಒಣಗಿಸೋದು ಅದೇ ತಾರಸಿ ಮೇಲೆ, ಶೀಟ್ ಬಂದ್ರೆ ಬಿಸಿಲೇ ಇರಲ್ಲ. ಕೋಟಿಂಗ್ ಮಾಡಿಸಿ ಅನುಭವ ಇರೋರು ದಯವಿಟ್ಟು ಹೇಳಿ.

ತೀರ್ಥಹಳ್ಳಿ_ಪೇಟೆ | ಫೆಬ್ರವರಿ 3

ಶೀಟ್ ಹಾಕ್ಸಿ. ನಮ್ಮ ಕಡೆ ಮಳೆಗೆ ಬಣ್ಣ ಬಳಿದು ನಿಲ್ಲಿಸಕ್ಕಾಗಲ್ಲ, ನಾವು ಎರಡು ಸಲ ಬಳಿಸಿ ಮೂರನೇ ಸಲಕ್ಕೆ ಶೀಟ್ ಹಾಕ್ಸಿದ್ವಿ. ಅಡಿಕೆಗೆ ಅಂಗಳದಲ್ಲಿ ಅಟ್ಟ ಕಟ್ಕೊಳಿ.

ಕಾಂಕ್ರೀಟ್_ಹಾಸನ | ಫೆಬ್ರವರಿ 3

ನಾನು ಸೈಟ್ ಕೆಲಸದಲ್ಲೇ 18 ವರ್ಷದಿಂದ ಇದೀನಿ, ವಾಟರ್‌ಪ್ರೂಫಿಂಗ್ ಸುಮಾರು ಮಾಡಿಸಿದೀನಿ, ಕೆಟ್ಟಿದ್ದನ್ನ ಕಿತ್ತು ಮತ್ತೆ ಮಾಡಿಸಿದ್ದೇ ಜಾಸ್ತಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಮೊದಲು ಆ ಎರಡು ಬಕೆಟ್ ಲೆಕ್ಕ ನೋಡೋಣ, ಇದನ್ನ ಯಾರು ಬೇಕಾದ್ರೂ ಮನೇಲೇ ಮಾಡ್ಬಹುದು. ಒಂದು ಚದರ ಮೀಟರಿಗೆ ಒಂದು ಲೀಟರ್ ಹರಡಿದ್ರೆ ಹಸಿಯಾಗಿದ್ದಾಗ ದಪ್ಪ ಸರಿಯಾಗಿ 1 ಎಂಎಂ ಬರತ್ತೆ, ಇದರಲ್ಲಿ ಕಂಪನಿ ಗಿಂಪನಿ ಏನೂ ಇಲ್ಲ, ಬರೀ ಗಣಿತ. ನಿಮ್ಮ ತಾರಸಿ 1200 ಚದರಡಿ ಅಂದ್ರೆ 111 ಚದರ ಮೀಟರ್, ಪ್ಯಾರಾಪೆಟ್ ಮೇಲೆ ಒಂದಡಿ ಹತ್ತಿಸ್ಲೇಬೇಕು, ಸುತ್ತಳತೆ 140 ಅಡಿ, ಅದು 13 ಚದರ ಮೀಟರ್, ಒಟ್ಟು 125 ಅಂತಿಟ್ಕೊಳಿ. 40 ಲೀಟರ್‌ನ 125ಕ್ಕೆ ಹರಡಿದ್ರೆ ಹಸಿ ದಪ್ಪ 0.32 ಎಂಎಂ. ಆ ಕೋಟಿಂಗ್ ನೀರಿನ ಬೇಸಿನ ಅಕ್ರಿಲಿಕ್ ಆದ್ರೆ ನೀರೆಲ್ಲ ಆರಿ ಹೋದ್ಮೇಲೆ ಉಳಿಯೋದು ಹತ್ತತ್ರ ಅರ್ಧ, ಅಂದ್ರೆ 0.16 ಎಂಎಂ. ಜೆರಾಕ್ಸ್ ಹಾಳೆ ಎರಡು ಜೋಡಿಸಿ ಹಿಡ್ಕೊಳಿ, ಅಷ್ಟೂ ಇಲ್ಲ. ಅದರ ಮೇಲೆ ಸಾಗರದ ಮಳೆ ನಾಲ್ಕು ತಿಂಗಳು ಬೀಳ್ಬೇಕು. ಒಣಗಿದ್ಮೇಲೆ ಕನಿಷ್ಠ ಅರ್ಧ ಎಂಎಂ ಆದ್ರೂ ಬೇಕು ಅಂದ್ರೆ 125 ಲೀಟರ್, ಆರು ಬಕೆಟ್ ದಾಟತ್ತೆ, ಹಳೇ ಒರಟು ತಾರಸಿ ಕುಡಿಯೋದು, ಮೆಶ್ (ಕೋಟಿಂಗ್ ಒಳಗೆ ಹಾಸೋ ಬಲೆ ಬಟ್ಟೆ) ಕುಡಿಯೋದು ಸೇರಿ ಏಳು ಬಕೆಟ್ ಅನ್ನಿ. ತೀರ್ಥಹಳ್ಳಿಯವರದ್ದು ಎರಡು ಸಲ ಹಾಳಾಯ್ತು ಅಂದ್ರಲ್ಲ, ಎಷ್ಟು ಬಕೆಟ್ ಬಳಸಿದ್ರು ಅಂತ ನೆನಪಿದ್ರೆ ಹೇಳಿ, ನನಗೆ ಅನುಮಾನ ಅಲ್ಲೇ ಇರೋದು.

ಎರಡನೇದು, ಆ ತುಂಡು ಎಳೆದು ತೋರಿಸಿದ್ದು. ಡಬ್ಬದ ಮೇಲೆ ಎಲಾಂಗೇಶನ್ (ಹರಿಯದೆ ಎಷ್ಟು ಎಳೆಯತ್ತೆ ಅನ್ನೋದು) 200, 300 ಪರ್ಸೆಂಟ್ ಅಂತ ಬರೆದಿರತ್ತೆ, ಅದು ಸುಳ್ಳಲ್ಲ, ಆದ್ರೆ ಕೈಯಲ್ಲಿ ಎಳೆಯೋವಾಗ ಪೂರ್ತಿ ತುಂಡು ಎಳೆಯತ್ತೆ, ತಾರಸಿ ಮೇಲೆ ಹಾಗಲ್ಲ. ಅಲ್ಲಿ ಕೋಟಿಂಗ್ ಕಾಂಕ್ರೀಟಿಗೆ ಗಟ್ಟಿಯಾಗಿ ಅಂಟಿರತ್ತೆ, ಬಿರುಕು ಅರ್ಧ ಎಂಎಂ ಇದ್ದದ್ದು ಒಂದು ಎಂಎಂ ಆಯ್ತು ಅಂದ್ರೆ ಎಳೆಯೋದು ಬಿರುಕಿನ ಬಾಯಿ ಮೇಲಿರೋ ಆ ಅರ್ಧ ಎಂಎಂ ಪಟ್ಟಿ ಮಾತ್ರ, ಅದಕ್ಕೆ ಅದು 100 ಪರ್ಸೆಂಟ್ ಎಳೆತ ಆಯ್ತು. ತೆಳ್ಳಗಿದ್ರೆ ಅಲ್ಲೇ ಹರಿಯೋದು. ಈಗ ಅದೇ ಬಿರುಕಿನ ಮೇಲೆ ಮೊದಲು ಒಂದಿಂಚು ಅಗಲದ ಟೇಪ್ ಹಾಕಿ ಅದರ ಮೇಲೆ ಮೆಶ್ ಇಟ್ಟು ಕೋಟಿಂಗ್ ಕೊಟ್ರೆ, ಟೇಪ್ ಮೇಲೆ ಅಂಟಿರಲ್ಲ, ಆ 25 ಎಂಎಂ ಪೂರ್ತಿ ಸೇರಿ ಅರ್ಧ ಎಂಎಂ ಎಳೆದ್ರೆ ಸಾಕು, ಬರೀ 2 ಪರ್ಸೆಂಟ್. ಅದೇ ವಸ್ತು, ಅದೇ ಬಿರುಕು, ನೋಡಿ ಎಷ್ಟು ವ್ಯತ್ಯಾಸ. ಇದನ್ನ ಮಾಡಕ್ಕೆ ಖರ್ಚೇ ಇಲ್ಲ, ಆದ್ರೂ ಹತ್ತರಲ್ಲಿ ಒಬ್ರೂ ಮಾಡಲ್ಲ ಅನ್ನೋದೇ ನನಗೆ ನೋವು.

ಪ್ಯಾರಾಪೆಟ್ ಬುಡದ ಸೀಳು ಯಾಕೆ ಅಂದ್ರೆ, ನಿಮ್ಮ ಸ್ಲ್ಯಾಬ್ 40 ಅಡಿ ಉದ್ದ, 12 ಮೀಟರ್, ಬೇಸಿಗೆ ಮಧ್ಯಾಹ್ನಕ್ಕೂ ಮಳೆಗಾಲದ ರಾತ್ರಿಗೂ 25 ಡಿಗ್ರಿ ಏರಿಳಿತ ಆಯ್ತು ಅಂದ್ರೆ ಅದು ಸುಮಾರು 3 ಎಂಎಂ ಹಿಗ್ಗಿ ಕುಗ್ಗತ್ತೆ, ಮೇಲಿನ ಗೋಡೆ ಅಷ್ಟು ಹಿಗ್ಗಲ್ಲ, ಹಾಗಾಗಿ ಎರಡೂ ಸೇರೋ ಕಡೆ ಬಿಟ್ಕೊಳತ್ತೆ. ಇದು ಪ್ರತಿ ವರ್ಷ ಬಾಯಿ ತೆಗೆದು ಮುಚ್ಚೋ ಬಿರುಕು, ಸಿಮೆಂಟ್ ತುಂಬಿದ್ರೆ ಮುಂದಿನ ಬೇಸಿಗೆಗೆ ಪಕ್ಕದಲ್ಲಿ ಮತ್ತೆ ಬಿಡತ್ತೆ. ಅದನ್ನ ಕಟರ್‌ನಲ್ಲಿ ವಿ ಆಕಾರಕ್ಕೆ ಬಿಡಿಸಿ, ಧೂಳು ಊದಿ ತೆಗೆದು, ಪಿಯು (ಪಾಲಿಯುರೆಥೇನ್) ಸೀಲಂಟ್, ಅಂದ್ರೆ ಒಣಗಿದ್ಮೇಲೂ ರಬ್ಬರ್ ತರ ಎಳೆಯೋ ಪೇಸ್ಟ್ ತುಂಬಿ, ಮೂಲೇಲಿ ಚೌಕ ಕೋನ ಇಲ್ಲದ ಹಾಗೆ ಪಾಲಿಮರ್ ಸೇರಿಸಿದ ಗಾರೆಯಿಂದ ದುಂಡಗೆ ಮಾಡಿ, ಅದರ ಮೇಲೆ ಮೆಶ್, ಅದರ ಮೇಲೆ ಕೋಟಿಂಗ್ ಒಂದಡಿ ಹತ್ತಿಸ್ಬೇಕು.

ನೀರು ನಿಲ್ಲೋ ಮೂಲೆ ಇನ್ನೊಂದು ದೊಡ್ಡ ವಿಷಯ. ಅಕ್ರಿಲಿಕ್ ಮಳೆ ತಡೀತದೆ ಆದ್ರೆ ನಿಂತ ನೀರನ್ನ ತಡೆಯಲ್ಲ, ದಿನಗಟ್ಟಲೆ ನೆನೆದ್ರೆ ನೀರು ಹೀರಿ ಮೆತ್ತಗಾಗಿ ತಳ ಬಿಡತ್ತೆ. ಮೊದಲು ಅಲ್ಲಿ ವಾಟ ಸರಿ ಮಾಡ್ಬೇಕು, ನೂರಕ್ಕೆ ಒಂದು ಇಳಿಜಾರಾದ್ರೂ ಬೇಕು. ಮಳೆ ನೀರಿನ ಪೈಪಿನ ಬಾಯಿ ತಾರಸಿ ಮಟ್ಟಕ್ಕಿಂತ ಮೇಲಿದೆಯಾ ಅಂತ ಮೊದಲು ನೋಡಿ, ತುಂಬ ಮನೆಗಳಲ್ಲಿ ಅದೇ ಇರೋದು.

ಕೊನೇದಾಗಿ ಒಂದು ಪ್ರಶ್ನೆ, ಮೂರು ಕಡೆ ಸೋರತ್ತೆ ಅಂದ್ರಲ್ಲ, ಮಳೆ ನಿಂತ ಮೇಲೂ ಒದ್ದೆ ಇರೋದು ಯಾವುದಾದ್ರೂ ಇದೆಯಾ? ಅಮ್ಮನ್ನ ಕೇಳಿ. ಮತ್ತೆ ಕೆಳಗಿಂದ ಸೀಲಿಂಗ್ ನೋಡಿ, ಗಾರೆ ಉದುರಿ ಕಬ್ಬಿಣ ಕಾಣ್ತಿದ್ರೆ ಮೊದಲು ಅದರ ರಿಪೇರಿ, ಮೇಲೆ ಏನೇ ಬಳಿದ್ರೂ ಒಳಗೆ ಹಿಡಿದ ತುಕ್ಕು ನಿಲ್ಲಲ್ಲ.

ತೀರ್ಥಹಳ್ಳಿ_ಪೇಟೆ | ಫೆಬ್ರವರಿ 4

ಸರ್, ನಮ್ಮದು 900 ಚದರಡಿ, ಒಂದೂವರೆ ಬಕೆಟ್ ಇರ್ಬೇಕು. ನೀರು ಬೆರೆಸಿ ತೆಳ್ಳಗೆ ಮಾಡಿ ಹೊಡೆದಿದ್ರು, ಅವಾಗ ಗೊತ್ತಾಗ್ಲಿಲ್ಲ.

ಸಾಗರದ_ಮನೆ | ಫೆಬ್ರವರಿ 4

ಹಾಸನದ ಸರ್, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲಲ್ಲ, ಆ ಲೆಕ್ಕ ನಾನೂ ಕೂತು ಮಾಡ್ದೆ, ಸರಿಯಾಗಿ ಬಂತು. ಅಮ್ಮಂಗೆ ಫೋನ್ ಮಾಡಿ ಕೇಳ್ದೆ, ಹಾಲ್ ಮತ್ತೆ ಅಡುಗೆಮನೆ ಮಳೆ ನಿಂತ ವಾರಕ್ಕೆ ಒಣಗತ್ತಂತೆ, ದೇವರ ಕೋಣೆ ಮಾತ್ರ ದೀಪಾವಳಿ ಆದ್ಮೇಲೂ ಒದ್ದೆ ಇತ್ತು, ಈಗಲೂ ಕೈ ಇಟ್ರೆ ತಣ್ಣಗಿದೆ ಅಂದ್ರು. ಅದರ ಮೇಲ್ಗಡೆನೇ ಸಿಂಟೆಕ್ಸ್ ಟ್ಯಾಂಕ್ ಇರೋದು, ಸೋಲಾರಿನ ಸ್ಟ್ಯಾಂಡೂ ಅಲ್ಲೇ. ಕಬ್ಬಿಣ ಎಲ್ಲೂ ಕಾಣಲ್ಲ, ಅಡುಗೆಮನೇಲಿ ಒಂದು ಕಡೆ ಗಾರೆ ಸ್ವಲ್ಪ ಉಬ್ಬಿದೆ.

ಕಾಂಕ್ರೀಟ್_ಹಾಸನ | ಫೆಬ್ರವರಿ 4

ಹಾಗಾದ್ರೆ ದೇವರ ಕೋಣೇದು ಮಳೆ ನೀರಲ್ಲ, ಪೈಪಿಂದು. ಸ್ಲ್ಯಾಬ್ ತೂರಿ ಇಳಿಯೋ ಪೈಪಿನ ಜಾಯಿಂಟ್ ನೋಡ್ಸಿ, ಟ್ಯಾಂಕ್ ಓವರ್‌ಫ್ಲೋ ಎಲ್ಲಿ ಬೀಳತ್ತೆ ನೋಡಿ, ಸೋಲಾರ್ ಸ್ಟ್ಯಾಂಡಿನ ಕಾಲಿಗೆ ಸ್ಲ್ಯಾಬ್‌ನಲ್ಲೇ ಡ್ರಿಲ್ ಹಾಕಿ ಬೋಲ್ಟ್ ಹೊಡೆದಿದಾರಾ ಅದನ್ನೂ ನೋಡಿ. ಇದನ್ನ ಸರಿ ಮಾಡದೆ ಮೇಲೆ ಎಂಥಾ ಕೋಟಿಂಗ್ ಕೊಟ್ರೂ ಸೋರತ್ತೆ, ಆಮೇಲೆ ಕೋಟಿಂಗ್ ಸರಿ ಇಲ್ಲ ಅಂತ ಬೈಕೊಳ್ತೀರ. ಅಡುಗೆಮನೇಲಿ ಉಬ್ಬಿದ ಗಾರೆನ ಸುತ್ತಿಗೇಲಿ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ್ರೆ ಅಷ್ಟನ್ನ ಬಿಡಿಸಿ ಒಳಗೆ ಕಂಬಿ ಹೇಗಿದೆ ಅಂತ ನೋಡ್ಕೊಳಿ.

ಕುಂದಾಪ್ರದವ | ಫೆಬ್ರವರಿ 5

ಗೋಡೆ ವಿಷ್ಯ ಯಾರೂ ಹೇಳ್ಳಿಲ್ಲ ಅಂತ ಬರೆಯುವುದು. ನಮ್ಮದೂ ಕೆಂಪು ಕಲ್ಲಿನ ಗೋಡೆ, ನೀವು ಜಂಬಿಟ್ಟಿಗೆ ಅಂತೀರಲ್ಲ ಅದೇ. ಆ ಕಲ್ಲಿಗೆ ತುಂಬ ತೂತು ಉಂಟು ಮಾರಾಯ್ರೆ, ನೀರು ಕುಡಿದ್ರೆ ಬಿಡುವುದಿಲ್ಲ. ಹಿಂದೆ ಎಲ್ಲ ಮಳೆ ಬರುವ ದಿಕ್ಕಿಗೆ ಸೋಗೆ ತಟ್ಟಿ ಕಟ್ತಿದ್ರು, ಅದು ಸುಮ್ನೆ ಅಲ್ಲ, ಗೋಡೆಗೆ ಮಳೆ ಹೊಡೆಯದ ಹಾಗೆ ಮಾಡಿ ಒಳಗಿನ ಪಸೆ ಹೊರಗೆ ಹೋಗ್ಲಿಕ್ಕೆ ಗಾಳಿ ಬಿಡುವ ಉಪಾಯ ಅದು.

ಎಲಾಸ್ಟೊಮೆರಿಕ್ ಬಣ್ಣ ಹೊರಗಿನ ಗೋಡೆಗೆ ಒಳ್ಳೇದೇ, ಸಣ್ಣ ನಕ್ಷೆ ಬಿರುಕು ಎಲ್ಲ ಮುಚ್ತದೆ, ಮಾಮೂಲಿ ಎಮಲ್ಷನ್ನಿಂದ ಅದು ಆಗುವುದಿಲ್ಲ. ಆದ್ರೆ ನೀರು ಎಲ್ಲಿಂದ ಬರ್ತದೆ ಅಂತ ನೋಡದೆ ಹೊಡೆದ್ರೆ ಕೆಲಸ ಕೆಟ್ಟಿತು. ನಮ್ಮ ಮನೇಲಿ ಆದದ್ದು ಹೇಳ್ತೇನೆ. ಗೋಡೆ ಬುಡದಲ್ಲಿ ಎರಡಡಿ ಎತ್ತರದವರೆಗೆ ನೆಲದ ಪಸೆ ಏರಿ ಬರ್ತಿತ್ತು, ಉಪ್ಪಿನ ಹಾಗೆ ಬಿಳಿ ಪುಡಿ ಬರ್ತಿತ್ತು, ಪೈಂಟರ್ ಅದರ ಮೇಲೇ ಹೊಡೆದ. ಒಂದು ಮಳೆಗಾಲ ಕಳೀಲಿಲ್ಲ, ತಟ್ಟೆ ಅಗಲದ ಗುಳ್ಳೆ ಎದ್ದಿತು, ಉಗುರು ಹಾಕಿ ಎಳೆದ್ರೆ ಬಣ್ಣದ ಹಿಂದೆ ಗಾರೆಯೂ ಪುಡಿಯಾಗಿ ಅಂಟಿಕೊಂಡು ಬಂತು. ಹೊರಗಿನಿಂದ ಮುಚ್ಚಿ ಬಿಟ್ರೆ ಒಳಗಿನ ನೀರಿಗೆ ದಾರಿ ಇಲ್ಲ, ಅದು ಬಣ್ಣವನ್ನೇ ದೂಡಿಕೊಂಡು ಬರ್ತದೆ.

ನಿಮ್ಮ ಪಡುವಣ ಗೋಡೆ ಮೇಲಿಂದ ಒದ್ದೆಯಾ ಕೆಳಗಿಂದ ಒದ್ದೆಯಾ? ಮೇಲಿಂದ ಆದ್ರೆ ಪ್ಯಾರಾಪೆಟ್ಟಿನ ತಲೆ ನೋಡಿ ಮೊದಲು. ಅದರ ಮೇಲಿನ ಗಾರೆ ಬಿರಿದು ನೀರು ಗೋಡೆಯೊಳಗೇ ಇಳಿದು ಬರುವುದು, ಹೊರಗೆ ಎಷ್ಟು ಬಣ್ಣ ಹೊಡೆದ್ರೂ ಪ್ರಯೋಜನ ಇಲ್ಲ. ತಲೆಗೆ ತಾರಸಿ ಕಡೆಗೆ ಇಳಿಜಾರು ಕೊಟ್ಟು ಗಾರೆ ಹಾಕ್ಸಿ, ಕೋಟಿಂಗನ್ನು ತಲೆ ಮೇಲಿಂದ ಹೊರಗೆ ನಾಲ್ಕಿಂಚು ಇಳಿಸಿ. ಸಜ್ಜಾದ ಅಡಿಯಲ್ಲಿ ತುದಿಗೆ ಒಂದು ಗೆರೆ ಕೊರೆಸಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಹಿಂದೆ ಗೋಡೆಗೆ ಹರಿಯುವುದಿಲ್ಲ. ಇಷ್ಟು ಮಾಡಿ ಆಮೇಲೆ ಗೋಡೆಗೆ ಹೊಡೆಸಿ.

ಮತ್ತೊಂದು, ಸುಣ್ಣದ ಗಾರೆಯ ಹಳೇ ಮಣ್ಣಿನ ಗೋಡೆ ಇದ್ದವರು ಇದನ್ನು ಹೊಡೆಸಲೇ ಬೇಡಿ. ಆ ಗೋಡೆ ಉಸಿರಾಡಿಯೇ ಇಷ್ಟು ವರ್ಷ ಉಳಿದದ್ದು.

ಕಲಬುರಗಿ_ಬಿಸಲು | ಫೆಬ್ರವರಿ 6

ನಮ್ ಕಡಿ ಮಳಿ ಕಮ್ಮಿ, ನಾವು ಇದನ್ನ ಹಚ್ಚೋದು ಬಿಸಲಿಗ್ರಿ. ನಮ್ದು ಹಳೀ ಮನಿ, ಶಹಾಬಾದ್ ಫರಸಿ ಮಾಳಗಿ, ಮ್ಯಾಲ ಕಾಂಕ್ರೀಟ್ ಹಾಕ್ಯಾರ. ಏಪ್ರಿಲ್ ಮೇದಾಗ ರಾತ್ರಿ ಹನ್ನೊಂದಾದ್ರೂ ಮಾಳಗಿ ಕೆಳಗ ಮಲಗಾಕ ಆಗ್ತಿದ್ದಿಲ್ಲ, ಹಗಲೆಲ್ಲ ಕಾದ ಕಲ್ಲು ರಾತ್ರಿ ಬಿಡತದ. ಬಿಳಿ ಎಲಾಸ್ಟೊಮೆರಿಕ್ ಹಚ್ಚಿದ ಮ್ಯಾಲ ಫರಕ್ ಗೊತ್ತಾತು, ಮಧ್ಯಾನ ಮೂರಕ್ಕ ಬರಿಗಾಲಿಲೆ ಮ್ಯಾಲ ನಿಂತ್ರ ಬಿಳಿ ಹಚ್ಚಿದ ಕಡಿ ನಿಲ್ಲಬಹುದು, ಹಚ್ಚದ ಕಡಿ ಕಾಲಿಡಾಕ ಆಗಂಗಿಲ್ಲ. ಬಾಜೂ ತೆಲಂಗಾಣದಾಗ 2023ದಾಗ ಮಾಳಗಿ ತಂಪಿಡೋ ಕೂಲ್ ರೂಫ್ ಪಾಲಿಸಿನೇ ತಂದಾರ, ನಮ್ ಕಲ್ಯಾಣ ಕರ್ನಾಟಕಕ್ಕೂ ಅಂಥಾದ್ದು ಬೇಕಾಗೇದ, ಇದು ನಾ ಮನಸಿನಿಂದ ಹೇಳ್ತೀನಿ, ತಗಡಿನ ಮನ್ಯಾಗ ಇರೋ ಮಂದಿ ಬ್ಯಾಸಗಿ ಹ್ಯಾಂಗ ಕಳೀತಾರ ಅನ್ನೋದು ನೋಡಿದವ್ರಿಗೇ ಗೊತ್ತು.

ಒಂದು ಮಾತು, ಧೂಳು ಕುಂತು ವರ್ಷದಾಗ ಬೂದಿ ಬಣ್ಣ ಆಗತದ, ಆವಾಗ ತಂಪು ಕಮ್ಮಿ ಆಗತದ. ಬ್ಯಾಸಗಿ ಸುರು ಆಗೋ ಮುಂದ ಒಮ್ಮೆ ಮೆತ್ತನ್ ಬ್ರಷ್ಷಿಲೆ ತೊಳೀರಿ. ಮತ್ತ ಹಚ್ಚೋ ಹೊತ್ತಿನಾಗ ನಡು ಮಧ್ಯಾನ ಹಚ್ಚಬ್ಯಾಡ್ರಿ, ಮ್ಯಾಲಿನ ಪದರ ಲಗೂ ಒಣಗಿ ಒಳಗ ಹಸೀ ಉಳದು ಗುಳ್ಳಿ ಬರತಾವ. ಮುಂಜಾನಿ ಇಲ್ಲಾ ಸಂಜಿ ಮುಂದ ಹಚ್ರಿ.

ಮೈಸೂರಿನ_ಗೃಹಿಣಿ | ಫೆಬ್ರವರಿ 8

ಸಾಗರದವರೇ, ನನ್ನ ತಪ್ಪನ್ನ ನೀವು ಮಾಡ್ಬೇಡಿ ಅಂತ ಬರೀತಿದೀನಿ. ನಮ್ಮ ಮನೆ ತಾರಸೀಲಿ ಸ್ಲ್ಯಾಬ್ ಮೇಲೆ ಇಟ್ಟಿಗೆ ಚೂರಿನ ಗಾರೆ ಪದರ ಇದೆ, ಹಳೇ ಪದ್ಧತಿ. ನವೆಂಬರ್‌ನಲ್ಲಿ ಮಳೆ ಬಿಟ್ಟು ಮೂರು ದಿನ ಚೆನ್ನಾಗಿ ಬಿಸಿಲು ಬಂತು, ಮೇಲೆ ಬೆಳ್ಳಗೆ ಒಣಗಿದ ಹಾಗೆ ಕಾಣ್ತಿತ್ತು, ಕೆಲಸದವ್ರು ಒಣಗಿದೆ ಮೇಡಂ ಅಂದ್ರು, ನಾನೂ ಹೂಂ ಅಂದೆ. ಬೆಳ್ಳಗೆ ನೀಟಾಗಿ ಹೊಡೆದ್ರು, ನೋಡಕ್ಕೆ ಬಹಳ ಚೆನ್ನಾಗಿತ್ತು. ಶಿವರಾತ್ರಿ ಹೊತ್ತಿಗೆ ಬಿಸಿಲು ಏರ್ತಿದ್ದ ಹಾಗೆ ಅಲ್ಲಲ್ಲಿ ಪೂರಿ ಉಬ್ಬಿದ ಹಾಗೆ ಎದ್ದಿತು. ಒಂದನ್ನ ಬೆರಳಲ್ಲಿ ಒತ್ತಿದ್ರೆ ಒಳಗೆ ನೀರು ಈ ಕಡೆಯಿಂದ ಆ ಕಡೆ ಓಡೋದು ಕೈಗೆ ಗೊತ್ತಾಗ್ತಿತ್ತು, ಪಿನ್ ಚುಚ್ಚಿದ್ರೆ ಸಣ್ಣಗೆ ನೀರು ಬಂತು. ಆ ಇಟ್ಟಿಗೆ ಪದರ ಸ್ಪಂಜಿನ ಹಾಗೆ ನೀರು ಹಿಡ್ಕೊಂಡಿತ್ತು, ಬಿಸಿಲಿಗೆ ಆವಿಯಾಗಿ ಮೇಲೆ ಬರಕ್ಕೆ ಜಾಗ ಇಲ್ಲ.

ಎಲ್ಲ ಕಿತ್ತು ಮತ್ತೆ ಮಾಡಿಸೋವಾಗ ಬೇರೆ ಕಂಟ್ರಾಕ್ಟರ್ ಒಂದು ಪರೀಕ್ಷೆ ಹೇಳಿಕೊಟ್ರು. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತಗೊಂಡು ನಾಲ್ಕೂ ಅಂಚಿಗೆ ಟೇಪ್ ಒತ್ತಿ ಸಂಜೆ ತಾರಸಿಗೆ ಅಂಟಿಸಿ, ಮಾರನೇ ದಿನ ಬೆಳಗ್ಗೆ ಹತ್ತರ ಹೊತ್ತಿಗೆ ತೆಗೀರಿ, 16 ಗಂಟೆ ಇದ್ರೆ ಸಾಕು. ಹಾಳೆ ಒಳಗೆ ಹನಿ ಕೂತಿದ್ರೆ ಅಥವಾ ಅಡಿಯ ಸಿಮೆಂಟ್ ಕಪ್ಪಗಾಗಿದ್ರೆ ಇನ್ನೂ ಒಣಗಿಲ್ಲ ಅಂತ ಅರ್ಥ. ನಾಲ್ಕೈದು ಕಡೆ ಅಂಟಿಸಿ ನೋಡಿ, ನೀರು ನಿಲ್ಲೋ ಮೂಲೇಲಿ ಖಂಡಿತ ಅಂಟಿಸಿ. ನಮಗೆ ಎರಡು ಸಲ ಹನಿ ಬಂತು, ಮೂರನೇ ಸಲ ಮಾರ್ಚ್ ಕೊನೇಲಿ ಒಣಗಿದ್ಮೇಲೆ ಮಾಡಿಸಿದ್ವಿ. ನಾಲ್ಕು ಮಳೆಗಾಲ ಆಯ್ತು, ಸರಿ ಇದೆ.

ಕೋಟಿಂಗ್ ಆದ್ಮೇಲೂ ಸ್ವಲ್ಪ ಜೋಪಾನ ಬೇಕು. ನಾನು ಸಂಡಿಗೆ ಇಡಕ್ಕೆ ಕಬ್ಬಿಣದ ಮಂಚ ಎಳೆದು ಒಂದು ಕಡೆ ಗೀರು ಬಿತ್ತು, ಈಗ ಮಂಚದ ಕಾಲಿಗೆಲ್ಲ ರಬ್ಬರ್ ಹಾಕಿದೀನಿ, ಹೂಕುಂಡದ ಕೆಳಗೆ ಇಟ್ಟಿಗೆ ಇಡದೆ ಸ್ಟ್ಯಾಂಡ್ ಇಟ್ಟಿದೀನಿ.

ಸಾಗರದ_ಮನೆ | ಫೆಬ್ರವರಿ 9

ಮೇಡಂ, ಇದು ತುಂಬ ಉಪಯೋಗಕ್ಕೆ ಬರತ್ತೆ, ಈ ವಾರಾಂತ್ಯ ಊರಿಗೆ ಹೋದಾಗ ಅಂಟಿಸಿ ನೋಡ್ತೀನಿ. ಕುಂದಾಪುರದವರೇ, ಗೋಡೆ ಮೇಲಿಂದಲೇ ಒದ್ದೆ, ಬುಡ ಒಣಗಿದೆ. ಹಾಸನದ ಸರ್, ಇನ್ನೊಂದು ಕೇಳ್ಬೇಕಿತ್ತು, ಪಿಯು ಮಾಡಿಸಿ, ಸಿಲಿಕೋನ್ ಮಾಡಿಸಿ ಅಂತ ಬೇರೆ ಬೇರೆಯವ್ರು ಹೇಳ್ತಿದಾರೆ, ನಮಗೆ ಅಡಿಕೆ ಹರವೋ ತಾರಸಿ, ಯಾವುದು ಸರಿ?

ಕಾಂಕ್ರೀಟ್_ಹಾಸನ | ಫೆಬ್ರವರಿ 9

ಸಿಲಿಕೋನ್ ನಿಂತ ನೀರಿಗೂ ಬಿಸಿಲಿಗೂ ಚೆನ್ನಾಗಿ ತಡೀತದೆ, ಆದ್ರೆ ಧೂಳು ಹಿಡಿಯತ್ತೆ, ಮುಂದೆ ರಿಪೇರಿ ಬಂದ್ರೆ ಅದರ ಮೇಲೆ ಸಿಲಿಕೋನ್ ಬಿಟ್ಟು ಬೇರೇನೂ ಅಂಟಲ್ಲ, ಒದ್ದೆಯಾದ್ರೆ ಕಾಲು ಜಾರತ್ತೆ, ಅಮ್ಮ ಓಡಾಡೋ ತಾರಸಿಗೆ ನಾನು ಹೇಳಲ್ಲ. ಪಿಯು ಗಟ್ಟಿ, ಓಡಾಟ ತಡೆಯತ್ತೆ, ಆದ್ರೆ ಅಗ್ಗದ್ದು ಬಿಸಿಲಿಗೆ ಹಳದಿಯಾಗಿ ಪುಡಿ ಬಿಡತ್ತೆ, ಅದಕ್ಕೆ ಮೇಲೆ ಬಿಸಿಲು ತಡೆಯೋ ಕೋಟ್ ಬೇಕು, ಖರ್ಚು ಜಾಸ್ತಿ. ಕೈಯಲ್ಲಿ ದುಡ್ಡಿದ್ರೆ ಅಡಿಕೆ ತಾರಸಿಗೆ ಸರಿಯಾದ್ದು ಅಂದ್ರೆ ಪಿಯು ಪದರ ಹಾಕಿ ಅದರ ಮೇಲೆ ಎರಡಿಂಚು ಕಾಂಕ್ರೀಟ್ ಸ್ಕ್ರೀಡ್, ಆಮೇಲೆ ಏನು ಬೇಕಾದ್ರೂ ಹರವಿ, ಕೆರೀರಿ. ಇಲ್ಲಾಂದ್ರೆ ಒಳ್ಳೇ ಅಕ್ರಿಲಿಕ್, ಮೆಶ್ ಸಮೇತ, ಸರಿಯಾದ ದಪ್ಪ. ಆದ್ರೆ ಬೇಯಿಸಿದ ಅಡಿಕೆ ನೇರ ಹರವಬೇಡಿ, ತೊಗರು ಕಲೆ ಕೂರತ್ತೆ, ಸುಡು ಬಿಸಿಲಿಗೆ ಕೋಟಿಂಗ್ ಸ್ವಲ್ಪ ಮೆದು ಆಗಿರತ್ತೆ, ಮಗುಚಕ್ಕೆ ಕಬ್ಬಿಣದ್ದು ತಾಗಿದ್ರೆ ಕಿತ್ಕೊಂಡು ಬರತ್ತೆ. ದಪ್ಪ ಟಾರ್ಪಾಲ್ ಹಾಸಿ, ಮರದ ಹಲಗೇಲಿ ಮಗುಚಿ, ಸಂಜೆ ಟಾರ್ಪಾಲ್ ಎತ್ತಿಡಿ.

ಗ್ಯಾರಂಟಿ ಮಾತು ಬಿಡಿ. ಕಂಟ್ರಾಕ್ಟರ್ ಹತ್ರ ಇಷ್ಟು ಬರೆಸ್ಕೊಳಿ, ಎಷ್ಟು ಬಕೆಟ್ ಬರತ್ತೆ, ಮೊದಲ ಕೋಟ್ ಬಿಟ್ಟು ಉಳಿದದ್ದಕ್ಕೆ ನೀರು ಬೆರೆಸಲ್ಲ, ಒಂದು ಕೋಟ್ ಉದ್ದಕ್ಕೆ ಹೊಡೆದ್ರೆ ಇನ್ನೊಂದು ಅಡ್ಡಕ್ಕೆ, ಮಧ್ಯೆ ಆರು ಗಂಟೆ ಬಿಡ್ಬೇಕು, ಏಳು ದಿನ ಆದ್ಮೇಲೆ ಪೈಪ್ ಬಾಯಿ ಮುಚ್ಚಿ ಒಂದಿಂಚು ನೀರು 48 ಗಂಟೆ ನಿಲ್ಲಿಸಿ ತೋರಿಸ್ಬೇಕು, ಕೊನೇ ಕಂತು ಅದಾದ್ಮೇಲೆ. ಸೀಲ್ ಒಡೆಯದ ಬಕೆಟ್‌ಗಳನ್ನ ಬಂದ ದಿನ ಎಣಿಸಿ ಫೋಟೋ ಹಿಡೀರಿ, ಖಾಲಿ ಬಕೆಟ್ ಕೊನೇ ದಿನ ಮತ್ತೆ ಎಣಿಸಿ. ಅಡಿಕೆ ಸುಗ್ಗಿ ಮುಗಿದ ತಕ್ಷಣ ಶುರು ಮಾಡಿ, ಏಪ್ರಿಲಿಗೆ ಬಿಟ್ರೆ ಸಂಜೆ ಮಳೆ ಹಿಡ್ಕೊಳತ್ತೆ, ಹಸಿ ಕೋಟ್ ಮೇಲೆ ಮಳೆ ಬಿದ್ರೆ ಬಿಳಿ ನೀರಾಗಿ ಪೈಪಲ್ಲಿ ಹರಿದು ಹೋಗತ್ತೆ.

ಸಾಗರದ_ಮನೆ | ಏಪ್ರಿಲ್ 19

ಕೇಳಿ ಮಾಯವಾಗೋರ ಸಾಲಿಗೆ ನಾನು ಸೇರಬಾರ್ದು ಅಂತ ಬರೀತಿದೀನಿ. ಕೆಲಸ ಮಾರ್ಚ್ ಕೊನೇಲಿ ಮುಗೀತು. ಮೊದಲಿನ ಕಂಟ್ರಾಕ್ಟರ್‌ಗೆ ಬಕೆಟ್ ಲೆಕ್ಕ ತೋರಿಸಿದೆ, ಅವರು ಫೋನ್ ತೆಗೆಯೋದೇ ಬಿಟ್ರು. ಬೇರೆಯವ್ರು ಸಿಕ್ಕಿದ್ರು, ಚದರಡಿಗೆ 68 ಆಯ್ತು, ಎರಡು ದಿನದ ಬದಲು ಹತ್ತು ದಿನ ಹಿಡೀತು. ಅಡುಗೆಮನೇಲಿ ಗಾರೆ ಟೊಳ್ಳಾಗಿತ್ತು, ಬಿಡಿಸಿದ್ರೆ ಕಂಬಿಗೆ ಮೇಲ್ಮೇಲೆ ಮಾತ್ರ ತುಕ್ಕಿತ್ತು, ಬ್ರಷ್ ಹೊಡೆದು ಪಾಲಿಮರ್ ಗಾರೆ ತುಂಬಿದಾರೆ. ಪ್ಲಾಸ್ಟಿಕ್ ಹಾಳೆ ಐದು ಕಡೆ ಅಂಟಿಸಿದ್ದೆ, ನಾಲ್ಕು ಕಡೆ ಒಣಗಿತ್ತು, ನೀರು ನಿಲ್ಲೋ ಮೂಲೇದು ಮಾತ್ರ ಬೆಳಗ್ಗೆ ತೆಗೆದಾಗ ಒಳಗಡೆ ಪೂರ್ತಿ ಹನಿ, ಮಾರ್ಚ್ ತಿಂಗಳಲ್ಲಿ! ಪೈಪಿನ ಬಾಯಿ ನೋಡಿದ್ರೆ ತಾರಸಿಗಿಂತ ಮುಕ್ಕಾಲು ಇಂಚು ಮೇಲಿತ್ತು, ಅಂದ್ರೆ ಇಷ್ಟು ವರ್ಷ ಅಲ್ಲಿ ಮುಕ್ಕಾಲು ಇಂಚು ನೀರು ನಿಂತೇ ಇರ್ತಿತ್ತು. ಅದನ್ನ ಒಡೆದು ಇಳಿಸಿ, ಆ ಮೂಲೆಗೆ ವಾಟ ಕೊಟ್ಟು, ಮತ್ತೆ ಹಾಳೆ ಅಂಟಿಸಿ ಒಣಗಿದ್ಮೇಲೆ ಕೋಟಿಂಗ್ ಶುರು ಮಾಡಿದ್ರು. ಅಕ್ರಿಲಿಕ್ಕೇ, ಏಳು ಬಕೆಟ್ ಬಂತು, ಆರೂವರೆ ಖರ್ಚಾಯ್ತು, ಅಮ್ಮ ದಿನಾ ಸಂಜೆ ಖಾಲಿ ಬಕೆಟ್ ಸಾಲಾಗಿ ಇಟ್ಟು ವಿಡಿಯೋ ಕಾಲ್‌ನಲ್ಲಿ ತೋರಿಸ್ತಿದ್ರು.

ಸೀಳಿನ ಮೇಲೆ ಟೇಪ್ ಹಾಕಿ ಅಂದಾಗ ಮೇಸ್ತ್ರಿ ಮೊದಲು ಒಪ್ಲಿಲ್ಲ, ಅಂಟಬೇಕಾದ್ದನ್ನ ಅಂಟದ ಹಾಗೆ ಮಾಡೋದ್ಯಾಕೆ ಅಂದ್ರು. ಆ 100 ಪರ್ಸೆಂಟ್, 2 ಪರ್ಸೆಂಟ್ ಲೆಕ್ಕ ಹೇಳ್ದೆ, ಸುಮ್ನೆ ಸ್ವಲ್ಪ ಹೊತ್ತು ಯೋಚನೆ ಮಾಡಿ, ಸರಿ ಇದೆ ಸಾರ್ ಅಂತ ಅವರೇ ಎಲ್ಲ ಕಡೆ ಹಾಕಿದ್ರು. ಪ್ಯಾರಾಪೆಟ್ ತಲೆಗೂ ಕುಂದಾಪುರದವರು ಹೇಳಿದ ಹಾಗೇ ಮಾಡಿಸಿದೀವಿ. ಗೋಡೆಗೆ ಈಗಲೇ ಬಣ್ಣ ಹೊಡೆಸಿಲ್ಲ, ಈ ಬೇಸಿಗೆ ಒಣಗಲಿ ಅಂತ ಬಿಟ್ಟಿದೀವಿ, ಈ ಮಳೆಗಾಲಕ್ಕೆ ಸೋಗೆ ತಟ್ಟಿ ಕಟ್ಟಿಸಿ ಮುಂದಿನ ಬೇಸಿಗೆಗೆ ಗೋಡೆ ಕೆಲಸ.

ದೇವರ ಕೋಣೇದು ಪೈಪೇ. ಟ್ಯಾಂಕಿನಿಂದ ಇಳಿಯೋ ಪೈಪಿನ ಎಲ್ಬೋ ಸ್ಲ್ಯಾಬಿನೊಳಗೆ ಬಿರುಕು ಬಿಟ್ಟಿತ್ತು, ಅದನ್ನ ಮುಚ್ಚಿ ಹೊಸ ಲೈನ್ ಹೊರಗಿಂದ ತಂದಿದೀವಿ. 48 ಗಂಟೆ ನೀರು ನಿಲ್ಲಿಸಿದಾಗ ಹಾಲ್, ಅಡುಗೆಮನೆ ಎರಡೂ ಒಣ. ಮೊನ್ನೆ ಸಂಜೆ ಒಂದು ಗುಡುಗು ಮಳೆ ಹೊಡೀತು, ಒಂದು ಗಂಟೆ, ಅಮ್ಮ ಟಾರ್ಚ್ ಹಿಡ್ಕೊಂಡು ಮೂರೂ ಕೋಣೆ ಸುತ್ತಿ ಫೋನ್ ಮಾಡಿದ್ರು, ಎಲ್ಲೂ ಇಲ್ಲ ಅಂತ. ದೇವರ ಕೋಣೆ ಕಲೆ ಇನ್ನೂ ಇದೆ ಆದ್ರೆ ಮುಟ್ಟಿದ್ರೆ ತಣ್ಣಗಿಲ್ಲ ಅಂದ್ರು. ಫೋಟೋ ಎಲ್ಲ ವಾಪಸ್ ಇಡಮ್ಮ ಅಂದೆ, ಬೇಡ, ಆರಿದ್ರಾ ಮಳೆ ಒಂದು ನೋಡಿ ಆಮೇಲೆ ಇಡ್ತೀನಿ ಅಂದ್ರು. ಜುಲೈನಲ್ಲಿ ಬಂದು ಇಲ್ಲೇ ಬರೀತೀನಿ.